ಮೋಟಿಯ ಬಾಲ: ನಮ್ಮ ಹಿತ್ತಲಿನ ನರಿ ಡೈರಿ

ನವೆಂಬರ್ 9
ಲಂಡನ್ನಿನ ಕ್ರಾಯ್ಡನ್‌ಗೆ ಬಂದು ಆರು ವರ್ಷವಾಯಿತು. ಹಿತ್ತಲಿಗೆ ನರಿ ಬರುವುದು ಇಲ್ಲಿ ಹೊಸ ಸಂಗತಿಯೇನಲ್ಲ. 1930ರ ದಶಕದಲ್ಲಿ ಲಂಡನ್ ಸುತ್ತ ದೊಡ್ಡ ಹಿತ್ತಲಿನ ಮನೆಗಳು ಸಾಲುಸಾಲಾಗಿ ಎದ್ದವಲ್ಲ, ಆಗಿನಿಂದ ಅವೂ ಇಲ್ಲಿನ ನಿವಾಸಿಗಳೇ. ಅರಸೀಕೆರೆ ಕಡೆ ನಾವು ನರಿ ಅನ್ನುವುದು ಹೆಚ್ಚಾಗಿ ಊಳಿಡುವ ಗುಳ್ಳೆನರಿಯನ್ನು. ಇದು ಬೇರೆ. ಕೆಂಪು ಮೈ, ಕಪ್ಪು ಕಾಲು, ಬಾಲದ ತುದಿಗೆ ಸುಣ್ಣ ಬಳಿದ ಹಾಗೆ ಬಿಳಿ.

ಇವತ್ತು ಬಂದ ಹೆಣ್ಣಿಗೆ ಆ ಬಾಲವೇ ಇಲ್ಲದಂತಿತ್ತು. ಕೂದಲೆಲ್ಲ ಉದುರಿ ಇಲಿಬಾಲದಂತಾಗಿದೆ. ಸೊಂಟದ ಮೇಲೆ ಬೂದುಬಣ್ಣದ ಹಕ್ಕಳೆ. ನಿಂತಲ್ಲೇ ಕೂತು ಕೆರೆದುಕೊಳ್ಳುತ್ತದೆ, ಎರಡು ಹೆಜ್ಜೆ ಹೋಗಿ ಮತ್ತೆ ಕೂರುತ್ತದೆ. ಮೋಟಿ ಅಂತ ಹೆಸರಿಟ್ಟೆ.

ನವೆಂಬರ್ 12
ಫೋಟೋ ನೋಡಿದ ನರಿ ರಕ್ಷಣೆಯ ಸ್ವಯಂಸೇವಕಿ ಒಂದೇ ಮಾತಿನಲ್ಲಿ ಹೇಳಿದರು: ಕಜ್ಜಿ. ಅಕ್ಷರಶಃ ಕಜ್ಜಿಯೇ. ಮನುಷ್ಯರಿಗೆ ಹತ್ತುವ ಹುಳುವಿನ ಜಾತಿಯದೇ, ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಹಾಗೇ ಬಿಟ್ಟರೆ ನರಿ ತಿಂಗಳುಗಟ್ಟಲೆ ನರಳಿ ಸಾಯುತ್ತದೆ. ಬ್ರಿಸ್ಟಲ್‌ಗೆ ಈ ರೋಗ 1994ರಲ್ಲಿ ಬಂತು. ಎರಡು ವರ್ಷದಲ್ಲಿ ಆ ಊರಿನ ನರಿಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಹೋಗಿಬಿಟ್ಟವು.

ಬೋನಿಟ್ಟು ಹಿಡಿಯಬೇಕಾ ಅಂತ ಕೇಳಿದೆ. ಇನ್ನೂ ಚುರುಕಾಗಿ ಓಡಾಡುತ್ತಿದೆ, ದಿನಾ ಬರುತ್ತದೆ ಅಂದರೆ ಹಿಡಿಯುವುದು ಬೇಡ, ತಿಂಡಿಯಲ್ಲೇ ಔಷಧ ಕೊಡೋಣ ಅಂದರು. ಪಶುವೈದ್ಯರ ಮೂಲಕ ಔಷಧ ಬರುತ್ತದೆ. ನನ್ನ ಕೆಲಸ ಮೋಟಿಯ ಟೈಮ್‌ಟೇಬಲ್ ಬರೆದಿಡುವುದು.

ನವೆಂಬರ್ 20
ಎದುರಿಗೆ ಏನಾದರೂ ಅಲ್ಲಾಡಿದರೆ ತಾನೇ ವಿಡಿಯೋ ತೆಗೆಯುವ ಟ್ರೇಲ್ ಕ್ಯಾಮೆರಾ ಕೊಂಡು ಶೆಡ್ಡಿನ ಕಂಬಕ್ಕೆ ಕಟ್ಟಿದೆ. ಮೊದಲ ರಾತ್ರಿ 214 ವಿಡಿಯೋ. ಅದರಲ್ಲಿ 190 ಗಾಳಿಗೆ ಅಲ್ಲಾಡುವ ಕರಿಬೇವಿನ ಕುಂಡ! ಚಳಿಗೆ ಅದನ್ನು ಯಾವತ್ತೋ ಒಳಗಿಡಬೇಕಿತ್ತು, ಇಟ್ಟೆ. ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಇಳಿಸಿದೆ. ಈಗ ಲೆಕ್ಕ ಸಿಗುತ್ತಿದೆ. ಗಂಡು ರಾತ್ರಿ ಹನ್ನೊಂದಕ್ಕೆ, ಪಕ್ಕದ ಮನೆ ಬೆಕ್ಕು ಒಂದೂವರೆಗೆ, ಮೋಟಿ ಬೆಳಗ್ಗೆ ಆರರ ಹೊತ್ತಿಗೆ. ಗಂಡಿಗೆ ಯಜಮಾನ್ರು ಅಂತ ಹೆಸರು. ಬರುವ ಗತ್ತು ಹಾಗಿದೆ.

ನವೆಂಬರ್ 23
ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮೊದಮೊದಲು ರಾತ್ರಿ ಉಳಿದ ಚಪಾತಿ, ಪಲ್ಯ ಎಲ್ಲ ಹಾಕುತ್ತಿದ್ದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಆಗದ ಹಾಗೆ ನರಿಗೂ ಒಳ್ಳೆಯದಲ್ಲ. ಜೊತೆಗೆ, ಜಾಸ್ತಿ ಹಾಕಿದ್ದನ್ನು ಅದು ಬಿಟ್ಟುಹೋಗುವುದಿಲ್ಲ, ಹೂತಿಡುತ್ತದೆ. ಪಕ್ಕದ ಮನೆಯವರ ಹುಲ್ಲಿನಲ್ಲಿ ನಮ್ಮ ಚಪಾತಿ ಸಿಕ್ಕಿ ಅವರು ಬೇಲಿ ಹತ್ತಿರ ಬಂದು ನಿಂತರು. ತಪ್ಪಾಯಿತು ಅಂದೆ. ಈಗ ನಾಯಿಯ ಡಬ್ಬಿ ಆಹಾರ ಅರ್ಧ, ಅಷ್ಟೇ.

ನವೆಂಬರ್ 27
ಔಷಧ ಬಂತು. ಜಾಮ್ ಸ್ಯಾಂಡ್‌ವಿಚ್ ಒಳಗೆ ಹಾಕಿ ಕೊಡಬೇಕು. ಸಿಹಿ ಅಂದರೆ ನರಿಗೆ ಪ್ರಾಣ. ತೊಂದರೆ ಬೇರೆ ಕಡೆ ಇದೆ. ಇಟ್ಟು ಮಲಗುವ ಹಾಗಿಲ್ಲ, ಯಾರು ತಿಂದರು ಅಂತ ಕಣ್ಣಾರೆ ನೋಡಬೇಕು. ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್‌ನಂಥ ಔಷಧ ಕಾಲಿ ಜಾತಿಯ ಎಷ್ಟೋ ನಾಯಿಗಳಿಗೆ ವಿಷವಾಗಬಹುದು. ಮೂರನೇ ಮನೆಯಲ್ಲಿ ಕಾಲಿ ಇದೆ. ಅವರಿಗೆ ಮೊದಲೇ ಹೇಳಿಬಂದೆ.

ನವೆಂಬರ್ 28
ಬೆಳಗ್ಗೆ 5:40. ಅಡುಗೆಮನೆ ಲೈಟ್ ಆರಿಸಿ, ಸ್ವೆಟರ್ ಮೇಲೆ ಶಾಲು ಹೊದ್ದು ಕಿಟಕಿ ಹತ್ತಿರ ಕೂತೆ. 6:05ಕ್ಕೆ ಯಜಮಾನ್ರೇ ಬಂದು ಸ್ಯಾಂಡ್‌ವಿಚ್ ಎತ್ತಿಕೊಂಡು ಹೋದರು.

ನವೆಂಬರ್ 29
ಮ್ಯಾಗ್‌ಪೈ ಹಕ್ಕಿ ಹಾರಿಬಂತು. ಬಾಗಿಲು ತೆಗೆದು ಓಡಿಸಿದೆ. ಆ ಸದ್ದಿಗೆ ಮೋಟಿಯೂ ಓಡಿತು.

ನವೆಂಬರ್ 30
ತಿಂತು! ಬೇಲಿ ಸಂದಿಯಿಂದ ಮೋಟಿಯ ಮುಖ ಕಂಡ ಮೇಲೇ ಸ್ಯಾಂಡ್‌ವಿಚ್ ಎಸೆದೆ. ಎರಡೇ ಬಾಯಿಗೆ ಖಾಲಿ. ಯಜಮಾನ್ರಿಗೂ ಕೊಟ್ಟಿದ್ದು ಒಳ್ಳೆಯದೇ ಆಯಿತಂತೆ. ಒಂದೇ ಗೂಡಿನಲ್ಲಿ ಮಲಗಿದರೆ ಒಂದರಿಂದ ಇನ್ನೊಂದಕ್ಕೆ ಹತ್ತುತ್ತದೆ. ಮೊಟ್ಟೆ ಒಡೆದು ಬರುವ ಹೊಸ ಹುಳಗಳಿಗಾಗಿ ಇನ್ನೊಂದು ಸಲ ಕೊಡಬೇಕು.

ಡಿಸೆಂಬರ್ 21
ಎರಡನೇ ಸಲವೂ ಆಯಿತು. ಕೆರೆತ ಕಡಿಮೆ. ಸೊಂಟದ ಹಕ್ಕಳೆ ಕಳಚಿ ಗುಲಾಬಿ ಚರ್ಮ ಕಾಣುತ್ತಿದೆ. ಚಳಿಯಲ್ಲಿ ಹೇಗೆ ತಡೆಯುತ್ತದೋ.

ಜನವರಿ 10
ನಡುರಾತ್ರಿ ಯಾರದೋ ಕತ್ತು ಹಿಸುಕಿದಂಥ ಕಿರುಚಾಟ. ಗಂಡ ಎದ್ದು ಪೊಲೀಸರಿಗೆ ಫೋನ್ ಮಾಡಲು ಹೊರಟರು. ಮಲಗಿ, ಅದು ಮೋಟಿ ಅಂದೆ. ಇದು ಅವುಗಳ ಜೋಡಿಯಾಗುವ ಕಾಲ. ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಂದೇ ಸಲ, ಅದೂ ಮೂರು ದಿನದ ಮಟ್ಟಿಗೆ. ಅಷ್ಟು ಅವಸರ ಇದ್ದರೆ ಯಾರಾದರೂ ಕಿರುಚುತ್ತಾರೆ, ಅಲ್ವಾ?

ಮಾರ್ಚ್ 12
ಮೋಟಿ ಎಂಟು ದಿನದಿಂದ ಕಾಣಿಸಿಲ್ಲ. ಯಜಮಾನ್ರು ಬಂದು ಬಾಯಿ ತುಂಬ ಆಹಾರ ಕಚ್ಚಿಕೊಂಡು ಶೆಡ್ಡಿನ ಹಿಂದೆ ಹೋಗುತ್ತಾರೆ. ನರಿಯ ಗರ್ಭ 52–53 ದಿನ. ಜನವರಿಯಿಂದ ಎಣಿಸಿದರೆ ಸರಿಹೋಗುತ್ತದೆ. ಶೆಡ್ಡಿನ ಕಡೆ ಯಾರೂ ಹೋಗಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ.

ಏಪ್ರಿಲ್ 15
ಅಮ್ಮ ಊರಿನಿಂದ ಬಂದಿದ್ದಾರೆ. ಬಿಸಿಲಿರುವಾಗಲೇ ಮಳೆ ಹನಿಯಿತು. "ಕಾಗೆಗೂ ನರಿಗೂ ಮದುವೆ ಕಣೇ" ಅಂತ ಕಿಟಕಿ ಹತ್ತಿರ ಹೋದವರು ಹಾಗೇ ನಿಂತರು. ಶೆಡ್ಡಿನ ಕೆಳಗಿಂದ ಮೂರು ಮರಿ! ಕಂದು ಬಣ್ಣ, ಮೋಟು ಮೂತಿ. ಕೆಂಪು ಈಗ ಮುಖದಲ್ಲಷ್ಟೇ ಇಣುಕುತ್ತಿದೆ. ಅಮ್ಮನಿಗೆ ಅವು ನರಿ ಅಂತಲೇ ನಂಬಿಕೆ ಬರಲಿಲ್ಲ. "ಬೆಕ್ಕಿನ ಮರಿಗೆ ಸ್ವಲ್ಪ ಹಾಲು ಇಡು" ಅಂದರು. ಹಾಲು ಕುಡಿದರೆ ಅವಕ್ಕೆ ಭೇದಿಯಾಗುತ್ತದೆ, ನೀರು ಸಾಕು ಅಂತ ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು.

ಮರುದಿನದಿಂದ ಅಮ್ಮ ಎದ್ದ ಕೂಡಲೇ ಕಾಫಿಯನ್ನೂ ಕೇಳದೆ ಕಿಟಕಿಗೆ ಹೋಗುತ್ತಾರೆ. ನರಿ ಮುಖ ನೋಡಿದರೆ ದಿನ ಚೆನ್ನಾಗಿರುತ್ತದಂತೆ.

ಮೇ 22
ಕೊತ್ತಂಬರಿ ಕುಂಡ ಅಗೆದರೆ ಇಡೀ ಕೋಳಿಮೊಟ್ಟೆ ಸಿಕ್ಕಿತು. ನಾನು ಹಾಕಿದ್ದಲ್ಲ. ಗಂಡನ ಎಡಗಾಲಿನ ಚಪ್ಪಲಿ ಕಾಣೆ. ಕ್ಯಾಮೆರಾದಲ್ಲಿ ಕಳ್ಳ ಸಿಕ್ಕಿದ್ದಾನೆ, ಚಪ್ಪಲಿ ಸಿಕ್ಕಿಲ್ಲ.

ಜೂನ್ 18
ಎದೆ ಧಸಕ್ಕೆಂದಿತು. ಮೋಟಿಯ ತೊಡೆಯ ಮೇಲೆ ಮತ್ತೆ ಕೂದಲು ಕಿತ್ತುಬಂದಿದೆ. ಫೋಟೋ ಕಳಿಸಿದೆ. ಇದು ಕಜ್ಜಿಯಲ್ಲ, ಚಳಿಗಾಲದ ಕೂದಲು ಉದುರುತ್ತಿದೆ ಅಂತ ಉತ್ತರ ಬಂತು. ಒಳಗೆ ಹೊಸ ಕೂದಲು ನುಣ್ಣಗೆ ಬಂದಿದೆ, ಹಕ್ಕಳೆ ಇಲ್ಲ, ಕೆರೆತವೂ ಇಲ್ಲ. ಮೊದಲೇ ಹತ್ತಿರದಿಂದ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು. ಇನ್ನು ದಿನಾ ಆಹಾರವಿಲ್ಲ. ವಾರಕ್ಕೆರಡು ಸಲ ಒಂದು ಹಿಡಿ. ಮರಿಗಳು ಎರೆಹುಳು, ಇಲಿ ಹಿಡಿಯುವುದನ್ನು ಕಲಿಯಬೇಕಾದ ಹೊತ್ತಿನಲ್ಲಿ ನಾನು ಅಡ್ಡ ನಿಲ್ಲಬಾರದು. ಅಮ್ಮನಿಗೆ ಇದು ಹಿಡಿಸಿಲ್ಲ. "ಬಾಣಂತಿಗೆ ಇಷ್ಟೇನಾ ಹಾಕೋದು?" ಅಂದರು.

ಅಕ್ಟೋಬರ್ 4
ಅಮ್ಮ ಊರಿಗೆ ಹೋಗಿ ವಾರವಾಯಿತು. ಮರಿಗಳಲ್ಲಿ ಒಂದು ಆಗಸ್ಟ್‌ನಿಂದ ಕಂಡಿಲ್ಲ. ಇನ್ನೊಂದು ಗಂಡು ದೂರ ಹೋಗುವ ತಯಾರಿಯಲ್ಲಿದೆ, ಮೂರು ದಿನಕ್ಕೊಮ್ಮೆ ಬರುತ್ತದೆ. ಫೋನ್ ಎತ್ತಿದ ಕೂಡಲೇ ಅಮ್ಮ ಕೇಳಿದ್ದು, "ಮೋಟಿಗೆ ಬಾಲ ಪೂರ್ತಿ ಬಂತಾ?"

ಬಂದಿದೆ. ತುದಿಯಲ್ಲಿ ಬಿಳಿಯೂ ಇದೆ. ಆದರೆ ಹೆಸರು ಬದಲಿಸಲು ಅಮ್ಮ ಒಪ್ಪುತ್ತಿಲ್ಲ.