ಮಳೆಗಾಲಕ್ಕೊಂದು ಮಡಚುವ ಚಾಕು

ತೋಟದ ಮನೆಯಲ್ಲಿ ಕತ್ತಿಗೆ ಬರವಿಲ್ಲ. ಸೊಂಟದ ಕೊಕ್ಕೆಗೆ ಸಿಕ್ಕಿಸುವ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಹುಲ್ಲಿನ ಕುಡುಗೋಲು, ಅಡುಗೆಮನೆಯ ಈಳಿಗೆಮಣೆ, ಎಲ್ಲವೂ ಇವೆ. ಆದರೆ ಕಾಳುಮೆಣಸಿನ ಬಳ್ಳಿ ಕಟ್ಟಿ ದಾರದ ತುದಿ ಕತ್ತರಿಸಬೇಕು ಅನ್ನುವ ಹೊತ್ತಿಗೆ ಅವುಗಳಲ್ಲಿ ಒಂದೂ ಕೈಗೆ ಸಿಗುವುದಿಲ್ಲ. ಡ್ರಿಪ್ ಪೈಪ್ ಸೀಳಿದ ಕಡೆ ಕತ್ತರಿಸಿ ಜಾಯಿಂಟ್ ಹಾಕುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಮನೆಗೆ ಬರುವ ದಾರಿಯಲ್ಲಿ ಊಟಕ್ಕೆ ನಾಲ್ಕು ಬಾಳೆ ಎಲೆ ಕೊಯ್ಯುವುದು, ಇಂಥ ಸಣ್ಣ ಕೆಲಸಗಳೇ ನನ್ನ ದಿನದ ಅರ್ಧ ಭಾಗ. ಅದಕ್ಕಾಗಿ ಸದಾ ಜೇಬಿನಲ್ಲಿರುವ ಒಂದು ಚಾಕು ಬೇಕು ಎಂದು ತೀರ್ಮಾನಿಸಿದ್ದೆ. ಟೈಲರ್‌ಗೆ ಹೇಳಿ ತೋಟಕ್ಕೆ ಹಾಕುವ ಚೂಡಿದಾರಗಳಿಗೆಲ್ಲ ಬಲಗಡೆ ಆಳವಾದ ಜೇಬು ಹೊಲಿಸಿಕೊಂಡೂ ಆಗಿತ್ತು.

"ಹೆಂಗಸಿನ ಹತ್ತಿರ ಚಾಕು ಯಾಕೆ, ಧೈರ್ಯಕ್ಕಾ?" ಎಂದು ಕೇಳುವವರಿದ್ದಾರೆ. ಸಿನಿಮಾದಲ್ಲಿ ಗುಂಡಿ ಒತ್ತಿದರೆ ಚಿಮ್ಮುವ ರಾಂಪುರಿಯನ್ನೇ ನೋಡಿ ಬೆಳೆದವರಿಗೆ ಮಡಚುವ ಚಾಕು ಅಂದರೆ ಜಗಳದ ಸಾಮಾನು. ನನಗೆ ಅದು ಪೆನ್ನು, ಟಾರ್ಚುಗಳ ಸಾಲಿಗೆ ಸೇರಿದ ವಸ್ತು. ಜಗಳಕ್ಕೆ ಎಂದು ಚಾಕು ಕೊಳ್ಳುವವರು ನನ್ನ ಮಟ್ಟಿಗೆ ಚಾಕುವನ್ನೇ ಅರ್ಥ ಮಾಡಿಕೊಂಡಿಲ್ಲ.

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ಆಗುಂಬೆಯ ಮಗ್ಗುಲಿನ ಊರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಅಂದರೆ ಅದರ ಆಸುಪಾಸಿನ ಮನೆಗಳಲ್ಲಿ ಬೀಗದ ಕೈಗೂ ತುಕ್ಕು ಹತ್ತುವುದು ಹೇಗೆಂದು ಊಹಿಸಿಕೊಳ್ಳಬಹುದು. ಹೊಳವಾಗಲಿ ಎಂದು ಕಾದಿದ್ದ ಭಾವ ಅವತ್ತು ಬೆಳಿಗ್ಗೆ ಬಿಸಿಲು ಕಂಡದ್ದೇ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಎರಡನೇ ಸಲದ ಸಿಂಪಡಣೆಗೆ ಜನ ಕರೆಸಿದ್ದರು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಅಕ್ಕನ ಮಗನಿಗೆ ಚಾಕುಗಳ ಹುಚ್ಚು. ನನಗೆ ಚಾಕು ಬೇಕಾಗಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದರಿಂದ ತನ್ನವು ಮೂರನ್ನು ತಂದು ಜಗಲಿಯ ಮೇಲೆ ಸಾಲಾಗಿಟ್ಟ.

"ಚಿಕ್ಕಮ್ಮ, ಅಂಗಡಿಯಲ್ಲಿ ಹಿಡಿದು ನೋಡಿದರೆ ಏನೂ ಗೊತ್ತಾಗಲ್ಲ. ಇವತ್ತು ಮೂರರಲ್ಲೂ ಕೆಲಸ ಮಾಡಿ, ಸಂಜೆ ಹೇಳಿ."

ಮೊದಲನೆಯದು ಭಾರೀ ಕಾಣುವ ಕಪ್ಪು ಚಾಕು. ಅಲಗಿನ ಬೆನ್ನು ಸುಮಾರು 4 ಮಿಲಿಮೀಟರ್ ದಪ್ಪ, ಹೆಬ್ಬೆರಳಿನಲ್ಲಿ ತಳ್ಳಿದರೆ ಟಕ್ ಎಂದು ತೆರೆದು ಲಾಕ್ ಆಗುತ್ತದೆ. ಎರಡನೆಯದು ಫ್ರಾನ್ಸಿನ ಒಪಿನೆಲ್, 8ನೇ ನಂಬರ್. ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಲು ತೊಡಗಿದ ಚಾಕು. ಬೀಚ್ ಮರದ ಹಿಡಿ, 8.5 ಸೆಂಟಿಮೀಟರ್ ಅಲಗು, ಅಲಗು ಮಡಚಿಕೊಳ್ಳದಂತೆ ಕುತ್ತಿಗೆಯಲ್ಲೊಂದು ತಿರುಗುವ ಉಂಗುರ. ಆ ಉಂಗುರ ಸೇರಿದ್ದು 1955ರಲ್ಲಿ. ಈಗಿನವನ್ನು ಮುಚ್ಚಿದ ಮೇಲೂ ಅದರಿಂದಲೇ ಲಾಕ್ ಮಾಡಬಹುದು. ಮೂರನೆಯದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಪಯೋನಿಯರ್. ಗೆರೆಗೆರೆಯ ಅಲ್ಯೂಮಿನಿಯಂ ಹಿಡಿ, ಒಂದು ಅಲಗು, ದಬ್ಬಳದಂಥ ಒಂದು ಮೊನೆ, ಡಬ್ಬಿ ತೆರೆಯಲೊಂದು, ಬಾಟಲಿಯ ಮುಚ್ಚಳ ತೆರೆಯಲೊಂದು ಸಲಕರಣೆ. ಇದಕ್ಕೆ ಲಾಕ್ ಇಲ್ಲ, ಬರೀ ಬೆನ್ನಿನ ಸ್ಪ್ರಿಂಗ್ ಹಿಡಿದಿಡುತ್ತದೆ.

ಅಕ್ಕ ತಿಂಡಿಗೆ ಮುಳ್ಳುಸೌತೆ ತಂದಿಟ್ಟಳು. ನಾನು ಅದರಿಂದಲೇ ಶುರು ಮಾಡಿದೆ. ದಪ್ಪ ಚಾಕು ಕೂದಲು ಬೋಳಿಸುವಷ್ಟು ಹರಿತವಾಗಿತ್ತು. ಆದರೂ ಸೌತೆಯೊಳಗೆ ಅರ್ಧ ಇಳಿದದ್ದೇ ಹೋಳು ಪಟ್ ಎಂದು ಸಿಡಿದು ಓರೆಯಾಗಿ ಸೀಳಿಹೋಯಿತು. ಒಪಿನೆಲ್‌ನ ಬೆನ್ನು 2 ಮಿಲಿಮೀಟರಿಗಿಂತ ತೆಳು. ಅದು ಸದ್ದಿಲ್ಲದೆ ಕೆಳಗಿನ ಸಿಪ್ಪೆಯವರೆಗೆ ಹೋಯಿತು, ಬೆಳಕು ಹಾಯುವಷ್ಟು ತೆಳ್ಳಗಿನ ಬಿಲ್ಲೆಗಳು ಬಿದ್ದವು. ಪಯೋನಿಯರ್ ಇದಕ್ಕೆ ಬಹಳ ಹಿಂದೇನೂ ಉಳಿಯಲಿಲ್ಲ. ಚಾಕು ಆರಿಸುವವರು ಉಕ್ಕಿನ ಹೆಸರು, ಅದು ಎಷ್ಟು ಗಡಸು ಎನ್ನುವ ಸಂಖ್ಯೆ ಎಂದೆಲ್ಲ ತಲೆಕೆಡಿಸಿಕೊಳ್ಳುತ್ತಾರೆ. ನಾನು ಮೊದಲು ನೋಡುವುದು ಅಲಗಿನ ಹರಿತ ಬಾಯಿಯ ಹಿಂದೆ ಲೋಹ ಎಷ್ಟಿದೆ ಎಂದು. ಅಲಗು ದಪ್ಪವಿದ್ದರೆ ಎಷ್ಟೇ ಮಸೆದರೂ ಅದು ಕೊಯ್ಯುತ್ತಾ ಹೋದಂತೆ ಬೆಣೆಯಾಗುತ್ತದೆ. ಸೌದೆ ಸೀಳುವವರಿಗೆ ಅದು ಬೇಕು. ಸೌದೆ ಸೀಳಲು ನಮ್ಮಲ್ಲಿ ಕೊಡಲಿ ಇದೆ.

ಅಂಗಳದಲ್ಲಿ ಅಷ್ಟರಲ್ಲಿ ಬೋರ್ಡೋ ಎಂಬ ಆ ಕೊಳೆ ಔಷಧಿಯನ್ನು ಕೂಡಿಸುವ ಕೆಲಸ ನಡೆದಿತ್ತು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ. 100 ಲೀಟರಿಗೆ ಒಂದೊಂದು ಕಿಲೋ ಲೆಕ್ಕ. ನೀಲಿಯನ್ನು ಸುಣ್ಣಕ್ಕೆ ಸುರಿದು ಕೋಲಿನಲ್ಲಿ ತಿರುವಿದ ಮೇಲೆ ಭಾವ ಜಗಲಿಯತ್ತ ಕೈಚಾಚಿದರು.

"ಕಬ್ಬಿಣದ್ದು ಯಾವುದೋ ಅದರಲ್ಲಿ? ಕೊಡೋ ಇಲ್ಲಿ."

ಅಕ್ಕನ ಮಗ ಒಪಿನೆಲ್ ಕೊಟ್ಟ. ಅವನದು ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಉಕ್ಕಿನದು. ಭಾವ ಅಲಗನ್ನು ಬೂದಿ ಹಚ್ಚಿ ತಿಕ್ಕಿ ಹೊಳೆಯಿಸಿದರು, ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು ಮೇಲಕ್ಕೆತ್ತಿದರು. ಮೊನೆಯ ಹತ್ತಿರ ನಸುಗೆಂಪು ಪೊರೆ ಕೂತಿತ್ತು. "ಸುಣ್ಣ ಸಾಲಲಿಲ್ಲ" ಎಂದು ಇನ್ನೊಂದಿಷ್ಟು ತಿಳಿ ಹಾಕಿಸಿದರು, ಅಲಗನ್ನು ಮತ್ತೆ ತಿಕ್ಕಿ ಅದ್ದಿದರು. ಈ ಸಲ ಬೆಳ್ಳಗೇ ಬಂತು. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅಷ್ಟೇ ಹೊತ್ತಿಗೆ ಕಬ್ಬಿಣ ಕರಗುತ್ತದೆ. ಹಾಗೇ ಸಿಂಪಡಿಸಿದರೆ ಎಳೆಗಾಯಿ ಸುಡುತ್ತದೆ. ಸ್ಟೇನ್‌ಲೆಸ್ ಉಕ್ಕಿಗೆ ಕ್ರೋಮಿಯಂನಿಂದಾದ ಕಣ್ಣಿಗೆ ಕಾಣದ ಪೊರೆ ಇರುವುದರಿಂದ ಈ ಪರೀಕ್ಷೆಗೆ ಅದನ್ನು ನಂಬುವಂತಿಲ್ಲ. ತುಕ್ಕು ತಡೆಯುವ ಗುಣವೇ ಇಲ್ಲಿ ಅಡ್ಡಿ. ಕಾರ್ಬನ್ ಅಲಗಿಗೆ ಇಂಥದೊಂದು ಬಳಕೆ ಇದೆ ಎಂದು ಕಣ್ಣಾರೆ ಕಂಡಾಗ ನನ್ನ ಮನಸ್ಸು ಒಪಿನೆಲ್ ಕಡೆಗೇ ವಾಲಿತು ಎನ್ನಬೇಕು.

ದೋಟಿ ಹಿಡಿದವರ ಹಿಂದೆ ಪೈಪ್ ಎಳೆಯುತ್ತ ನಾವೂ ತೋಟಕ್ಕಿಳಿದೆವು. ಒಂದು ಕಡೆ ಪೈಪಿನ ಜಾಯಿಂಟ್ ಕಳಚಿತು, ತುದಿಯನ್ನು ನೇರ ಕತ್ತರಿಸಿ ಮತ್ತೆ ಸಿಕ್ಕಿಸಬೇಕಾಯಿತು. ದಪ್ಪ ಚಾಕು ಇಲ್ಲಿ ತನ್ನ ಬೆಲೆ ತೋರಿಸಿತು. ಒಂದೇ ಕೈಯಲ್ಲಿ ತೆರೆಯಿತು, ಗಟ್ಟಿ ಪೈಪನ್ನು ಒತ್ತಿ ಕತ್ತರಿಸಿದರೂ ಅಲುಗಲಿಲ್ಲ. ಮುಚ್ಚುವಾಗ ಮಾತ್ರ ಹಿಡಿಯೊಳಗಿನ ತೆಳು ತಗಡನ್ನು ಹೆಬ್ಬೆರಳಿನಲ್ಲಿ ಪಕ್ಕಕ್ಕೆ ಸರಿಸಬೇಕು, ಆಗ ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಸುಣ್ಣದ ನೀರಿನಲ್ಲಿ ಕೈ ಜಾರುತ್ತಿರುವಾಗ ನನಗೆ ಅದು ಹಿಡಿಸಲಿಲ್ಲ.

"ಲಾಕ್ ಇಲ್ಲದ್ದು ಇದಕ್ಕಿಂತ ಅಪಾಯ ಅಲ್ವಾ?" ಎಂದ ಅಕ್ಕನ ಮಗ.

ಅವನ ಮಾತಿನಲ್ಲಿ ಹುರುಳಿದೆ. ಲಾಕ್ ಇಲ್ಲದ ಚಾಕುವಿನ ಮೊನೆಯನ್ನು ಗಟ್ಟಿ ವಸ್ತುವಿಗೆ ಚುಚ್ಚಿ ಒತ್ತಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಆದರೆ ಚುಚ್ಚುವ ಕೆಲಸ ದಿನದಲ್ಲಿ ನನಗೆ ಎಷ್ಟಿದೆ? ಕೊಯ್ಯುವಾಗ ಬಲವೆಲ್ಲ ಬಾಯಿಯ ಕಡೆಯಿಂದ ಬೆನ್ನಿನತ್ತ, ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕಿಗೇ ಇರುತ್ತದೆ. ಗೋಣಿಚೀಲಕ್ಕೆ ತೂತು ಹಾಕುವಂಥ ಕೆಲಸಕ್ಕೆ ಪಯೋನಿಯರ್‌ನ ಆ ದಬ್ಬಳವೇ ಇದೆ. ಕೊಟ್ಟಿಗೆಯ ಹತ್ತಿರ ಅದರಲ್ಲಿ ಮೂರು ಚೀಲಗಳ ಬಾಯಿಗೆ ತೂತು ಮಾಡಿ ಸುತಲಿ ಪೋಣಿಸಿದೆ. ಅಲಗನ್ನು ಬಿಚ್ಚುವ ಪ್ರಮೇಯವೇ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಳವು ಮುಗಿದು ಜಡಿಮಳೆ ಹಿಡಿಯಿತು. ಅಷ್ಟರಲ್ಲಿ ಸಿಂಪಡಣೆ ಮುಗಿದಿದ್ದು ಪುಣ್ಯ. ನೆನೆಯುತ್ತ ಬರುವಾಗ ಬಾಳೆ ಎಲೆಗೆ ಒಪಿನೆಲ್ ತೆಗೆದೆ. ಬಾಳೆಯ ದಿಂಡಿನ ರಸ, ಮಳೆನೀರು ಎರಡೂ ಹಿಡಿಯ ಸೀಳಿನೊಳಗೆ ಇಳಿದವು. ಊಟ ಮುಗಿಸಿ ನೋಡಿದರೆ ಅಲಗಿನ ಮೇಲೆ ಕಡುನೀಲಿ ಕಲೆ. ಬಾಳೆಯಲ್ಲಿ, ಹಸಿ ಅಡಿಕೆಯಲ್ಲಿ ಇರುವ ಒಗರು ಕಬ್ಬಿಣಕ್ಕೆ ತಾಗಿದರೆ ಹೀಗೆ ಕಪ್ಪಾಗುವುದು ಮಲೆನಾಡಿನವರಿಗೆಲ್ಲ ಗೊತ್ತು. ಆ ಕಲೆಯಿಂದ ನಷ್ಟವಿಲ್ಲ. ಯೋಚಿಸಬೇಕಾದದ್ದು ಮರದ ಹಿಡಿ. ಮರ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದರೆ ನಡುವಿನ ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಜೂನ್‌ನಲ್ಲಿ ನಮ್ಮ ಮನೆಗಳ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುವಂತೆಯೇ ಇದು, ಮಾಡಿದವರ ತಪ್ಪೇನೂ ಅಲ್ಲ. ಅವತ್ತು ಸಂಜೆ ಉಗುರು ಸಿಕ್ಕಿಸಿ ಅಲಗನ್ನು ಎಳೆಯಲು ನನಗೆ ನಿಜಕ್ಕೂ ಬಲ ಹಾಕಬೇಕಾಯಿತು. ಒಲೆಯ ಪಕ್ಕದಲ್ಲಿಟ್ಟು ಒಣಗಿಸಿದ ಮೇಲೆ ಸರಿಹೋಯಿತು. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ಬಟ್ಟೆಯ ಜೇಬಿನಲ್ಲೇ ಇರಬೇಕಾದ ಚಾಕುವನ್ನು ಹೀಗೆ ಒಲೆಯ ಪಕ್ಕ ಕಾಯುತ್ತ ಕೂರಲು ನನಗೆ ಆಗದು.

ಪಯೋನಿಯರ್‌ಗೆ ಇದಾವುದೂ ಇಲ್ಲ. ಬಿಸಿನೀರಿನಲ್ಲಿ ಜಾಲಾಡಿಸಿ, ಕೊಡವಿ, ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಅದರ ಉಕ್ಕು ಮೆದು, ಬಾಯಿ ಬೇಗ ಮೊಂಡಾಗುತ್ತದೆ ಎಂಬುದು ಬಲ್ಲವರ ದೂರು. ಬೇಗ ಮೊಂಡಾಗುವ ಉಕ್ಕು ಬೇಗ ಹರಿತವೂ ಆಗುತ್ತದೆ. ಬಾವಿಕಟ್ಟೆಯ ನುಣುಪು ಕಲ್ಲಿನ ಮೇಲೆ ನೀರು ಹಾಕಿ ಎರಡೂ ಮಗ್ಗುಲು ನಾಲ್ಕಾರು ಸಲ ಎಳೆದೆ, ಮತ್ತೆ ಕಾಗದವನ್ನು ತಡೆಯಿಲ್ಲದೆ ಕತ್ತರಿಸಿತು. ಗಡಸು ಉಕ್ಕಿಗೆ ವಜ್ರದ ಪುಡಿಯ ಪಟ್ಟಿ ಬೇಕು ಎನ್ನುತ್ತಾರೆ. ಮನೆಯ ಕಲ್ಲಿಗೆ ಬಗ್ಗುವ ಉಕ್ಕೇ ನನಗೆ ಅನುಕೂಲ. ಕೀಲಿಗೆ ಎಣ್ಣೆ ಹಾಕುವಾಗ ಮಾತ್ರ ತೆಂಗಿನೆಣ್ಣೆ ಬೇಡ, ಮಾಗಿ ಚಳಿಯಲ್ಲಿ ಹೆಪ್ಪುಗಟ್ಟಿ ಕಸ ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.

ರಾತ್ರಿ ಅಕ್ಕ ಇನ್ನೊಂದು ಸಂಶಯ ತೆಗೆದಳು. ಇದನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ಓಡಾಡಿದರೆ ಪೊಲೀಸರು ಹಿಡಿಯುವುದಿಲ್ಲವೇ ಎಂದು. ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಬಳಕೆಗೆ, ಕೃಷಿಗೆ ಎಂದು ಮಾಡಿದವಕ್ಕೆ ಅದರಲ್ಲೂ ವಿನಾಯಿತಿ ಇದೆ. ಪಯೋನಿಯರ್ ಮಡಚಿದರೆ 93 ಮಿಲಿಮೀಟರ್, 4 ಇಂಚೂ ಇಲ್ಲ. ಹಾಗೆಂದು ಎಲ್ಲ ಕಡೆ ಒಯ್ಯಬಹುದು ಎಂದಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ, ಲಗೇಜಿಗೆ ಹಾಕಬೇಕು. ಬೆಂಗಳೂರಿನಲ್ಲಿ ಮೆಟ್ರೋ ಹತ್ತುವವರು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು. ಕೋರ್ಟು, ಕಚೇರಿ, ಮಕ್ಕಳ ಶಾಲೆಗೂ ನಾನು ಒಯ್ಯುವುದಿಲ್ಲ.

ಮಲಗುವ ಮೊದಲು ಪಯೋನಿಯರ್ ಎಂದು ಹೇಳಿದೆ. ಕೊಯ್ಯುವುದರಲ್ಲಿ ಒಪಿನೆಲ್ಲೇ ಮೇಲು, ಅದನ್ನು ಈಗಲೂ ಹೇಳುತ್ತೇನೆ. ಬಯಲುಸೀಮೆಯವರು ಕೇಳಿದರೆ ಎರಡನೇ ಮಾತಿಲ್ಲದೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಅಕ್ಕನ ಮಗನಿಗೆ ಸಮಾಧಾನವಿಲ್ಲ. ಅಡಿಕೆ ಕೊನೆ ಕೊಯ್ಯುವ ಕಾಲದಲ್ಲಿ ದಿನವಿಡೀ ಕೈಯಲ್ಲಿದ್ದರೆ ಲಾಕ್ ಬೇಕೇ ಬೇಕು ಅನ್ನಿಸುತ್ತದೆ ನೋಡಿ, ಎಂದು ವಾದ ಹೂಡಿದ. ಅವನ ಒಪಿನೆಲ್ ಅನ್ನು ಭಾವ ಆಗಲೇ ಮೈಲುತುತ್ತದ ಡಬ್ಬಿಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡುಬಿಟ್ಟಿದ್ದರು, ಅದನ್ನು ವಾಪಸು ಪಡೆಯುವ ಚಿಂತೆಯೂ ಅವನಿಗಿತ್ತು. ಕೊಯ್ಲು ಮುಗಿಯಲಿ, ದೀಪಾವಳಿಗೆ ಬಾ, ಆಗ ಮಾತಾಡೋಣ ಎಂದಿದ್ದೇನೆ.