ಕಣಿವೆಯ ತಳದಲ್ಲಿ ರೂಮ್ ಹಿಡಿಯಬೇಡಿ

ಎತ್ತರದ ಬೆಟ್ಟಗಳ ಕಡೆ ಹೊರಟಿದ್ದೀರಾ? ರೂಮ್ ಬುಕ್ ಮಾಡುವ ಮೊದಲು ನನ್ನ ಪೆದ್ದುತನ ಓದಿ.

"ಮೇಲೆ ಚಳಿ ಸಾರ್, ಕೆಳಗೆ ಬೆಚ್ಚಗಿರುತ್ತೆ" ಅಂದರು ಲಾಡ್ಜಿನವರು. ಒಂದು ಕಿಲೋಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ತಂಪಾಗುತ್ತದೆ ಅಂತ ನಾನೂ ಓದಿದ್ದೆ. ಜಾಸ್ತಿ ದುಡ್ಡು ಕೊಟ್ಟು ಕಣಿವೆಯ ತಳದಲ್ಲಿ, ತೊರೆಯ ಪಕ್ಕವೇ ಉಳಿದುಕೊಂಡೆ. ರಾತ್ರಿ ಆಕಾಶದ ತುಂಬಾ ನಕ್ಷತ್ರ, ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಕಿಟಕಿ ಗಾಜಿನ ಒಳಗಡೆಯೇ ಇಬ್ಬನಿ ಹೆಪ್ಪುಗಟ್ಟಿತ್ತು, ಹೊರಗೆ ದಟ್ಟ ಮಂಜು. ಗುಡ್ಡದ ಅರ್ಧದಲ್ಲಿ ಅಗ್ಗದ ರೂಮ್ ಹಿಡಿದಿದ್ದ ಗೆಳೆಯರು ಮಾತ್ರ ಆರಾಮಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು!

ಆಗಿದ್ದಿಷ್ಟು. ವಾತಾವರಣದ ಒತ್ತಡ ಹೆಚ್ಚಿರುವ ಕಡೆ ಮೇಲಿನ ಗಾಳಿ ನಿಧಾನವಾಗಿ ಕೆಳಗಿಳಿಯುತ್ತದೆ, ಮೋಡ ಕಟ್ಟುವುದಿಲ್ಲ. ಹೊದಿಕೆಯಿಲ್ಲದ ನೆಲ ರಾತ್ರಿ ಬೇಗ ಆರುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ನೀರಿನಂತೆ ಹರಿದು ತಳದಲ್ಲಿ ನಿಲ್ಲುತ್ತದೆ. ನಾನು ಮಲಗಿದ್ದು ಆ ಕೆರೆಯೊಳಗೆ. ದುಡ್ಡು ವಾಪಸ್ ಕೇಳಿದ್ದಕ್ಕೆ "ಮಂಜು ನೋಡೋಕಂತಲೇ ಜನ ಬರ್ತಾರಲ್ಲ ಸಾರ್" ಅಂದರು.

ಎರಡನೇ ರಾತ್ರಿ ಗೆಳೆಯರ ಜೊತೆ ಮೇಲೇ ಇದ್ದೆ. ಮರುದಿನ ಸುಮಾರು 3000 ಮೀಟರ್ ಎತ್ತರದ ಕಣಿವೆದಾರಿಯಲ್ಲಿ ಒಂದು ಪುಟ್ಟ ಹೋಟೆಲ್ ಸಿಕ್ಕಿತು. ನಾಲ್ಕೇ ಬೆಂಚು, ಹೊಗೆ ಹಿಡಿದ ಗೋಡೆ. ಪ್ರವಾಸದಲ್ಲೇ ಒಳ್ಳೆಯ ಊಟ, ಅದೂ ಅಗ್ಗ. ಸಮುದ್ರಮಟ್ಟದಲ್ಲಿ ಸರಾಸರಿ 1013 ಹೆಕ್ಟೊಪ್ಯಾಸ್ಕಲ್ (ಒತ್ತಡದ ಅಳತೆ) ಇರುವ ಒತ್ತಡ ಅಲ್ಲಿ 700ರ ಆಸುಪಾಸು. ನೀರು 90 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಕೂಗದೆ ಕಾಳು ಬೇಯುವುದಿಲ್ಲ. ಯಜಮಾನರು ಗೋಡೆಯ ಮೇಲಿದ್ದ, ಒತ್ತಡ ತೋರಿಸುವ ಬ್ಯಾರೋಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದರು. ಮುಳ್ಳು ಇನ್ನಷ್ಟು ಕೆಳಗೆ ಜಾರಿತು. "ಮಧ್ಯಾಹ್ನದೊಳಗೆ ಇಳಿದುಬಿಡಿ" ಅಂದರು.

ನಾನು ನಕ್ಕೆ. ಆಮೇಲೆ ನೆನಪಾಯ್ತು: ರಾತ್ರಿಯೆಲ್ಲಾ ಮಲಗಿದ್ದಲ್ಲೇ ಇದ್ದರೂ ನನ್ನ ಗಡಿಯಾರ ಬೆಳಿಗ್ಗೆ 60 ಮೀಟರ್ ಮೇಲೆ ತೋರಿಸಿತ್ತು. ಅದು ಎತ್ತರ ಅಳೆಯುವುದೇ ಒತ್ತಡ ನೋಡಿ. ನಾನು ಏರಿರಲಿಲ್ಲ, ಒತ್ತಡ ಇಳಿದಿತ್ತು, ಸುಮಾರು 6 ಹೆಕ್ಟೊಪ್ಯಾಸ್ಕಲ್. ಒತ್ತಡ ಕಡಿಮೆಯಾದ ಕಡೆಗೆ ಸುತ್ತಲಿನ ಗಾಳಿ ನುಗ್ಗಿ ಮೇಲೇರುತ್ತದೆ, ಹಿಗ್ಗಿ ತಣ್ಣಗಾಗುತ್ತದೆ, ತೇವ ಮೋಡವಾಗುತ್ತದೆ. ಮೂರು ಗಂಟೆಗೆ ಮಳೆ ಸುರಿಯಿತು. ಅಷ್ಟರಲ್ಲಿ ನಾವು ಇಳಿದಾಗಿತ್ತು. ಆಮೇಲಿನ ಎರಡು ದಿನದ ಬಗ್ಗೆ ಕೇಳಬೇಡಿ.

ಅಂಥ ಗಡಿಯಾರ ನಿಮ್ಮ ಹತ್ತಿರವೂ ಇದ್ದರೆ ಹೊರಡುವ ಮೊದಲು ಎತ್ತರ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಇನ್ನೂ 60 ಮೀಟರ್ ಹತ್ತೋದಿರುವಾಗಲೇ ತುದಿ ಮುಟ್ಟಿದಿರಿ ಅನ್ನುತ್ತೆ.