ಸಕ್ಕರೆಯ ಮೇಲೆ ಕೂತ ಹಿಮ

ನಮ್ಮ ಪತ್ರಿಕೆಗಳಲ್ಲಿ ಹಿಮ ಸುರಿದರೂ ಹಿಮಪಾತ, ಬೆಟ್ಟದ ಹಿಮ ಜಾರಿ ಜನ ಸತ್ತರೂ ಹಿಮಪಾತ. ಇಲ್ಲಿ ಎರಡನೆಯದನ್ನು ಹಿಮಕುಸಿತ ಅನ್ನೋಣ. ಜಾಗ ಕಾಶ್ಮೀರದ ಗುಲ್ಮಾರ್ಗ್. ಅಲ್ಲಿನ ತಂತಿಗಾಡಿ ಗೊಂಡೊಲಾದ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ, ತಂದು ಬಿಡುತ್ತದೆ. ಸ್ಕೀ ಮಾಡುತ್ತ ಕಾವಲಿರುವ ಇಳಿಜಾರು ಬಿಟ್ಟು ಪಕ್ಕಕ್ಕೆ ಸರಿದರೆ ಮುಂದಿನದೆಲ್ಲ ನಿಮ್ಮ ಹೊಣೆ.

ಅಲ್ಲಿನ ತೊಂದರೆ ಬುಡದಲ್ಲಿದೆ. ಡಿಸೆಂಬರ್‌ನಲ್ಲಿ ತೆಳ್ಳಗೆ ಬಿದ್ದ ಹಿಮ, ಆಮೇಲೆ ಮೋಡವಿಲ್ಲದ ಕೊರೆಯುವ ರಾತ್ರಿಗಳು. ನೆಲದ ಹತ್ತಿರ ಸೊನ್ನೆ ಡಿಗ್ರಿ, ಮೇಲ್ಮೈಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ. ಪ್ರತಿ 10 ಸೆಂ.ಮೀ.ಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಮೇಲೇರುವ ಆವಿ ಹಿಮದ ಕಣಗಳನ್ನು ಮೂಲೆಮೂಲೆಯ ಹರಳು ಮಾಡುತ್ತದೆ. ಮುಷ್ಟಿಯಲ್ಲಿ ಎಷ್ಟು ಒತ್ತಿದರೂ ಉಂಡೆ ಕಟ್ಟುವುದಿಲ್ಲ, ಸಕ್ಕರೆಯ ಹಾಗೆ ಬೆರಳಸಂದಿಯಲ್ಲಿ ಸುರಿದುಹೋಗುತ್ತದೆ. ಜನವರಿಯ ದೊಡ್ಡ ಹಿಮ ಬೀಳುವುದು ಇದರ ಮೇಲೆ. ಗಾಳಿ ಅದನ್ನು ಏಣಿನ ಮರೆಗೆ ಒಟ್ಟಿ ಹಲಗೆಯಂತೆ ಬಿಗಿಯುತ್ತದೆ. ಸ್ಕೀ ಮಾಡುವವರಿಗೆ ಕಾಣುವುದು ಹಲಗೆ ಮಾತ್ರ.

ನೋಡಬೇಕಾದರೆ ಅಗೆಯಬೇಕು. ನೀವು ಇಳಿಯಬೇಕೆಂದಿರುವ ಇಳಿಜಾರಿನ ದಿಕ್ಕಿಗೇ ಮುಖ ಮಾಡಿದ, ಆದರೆ ಜಾರಿದರೂ ಅಪಾಯವಿಲ್ಲದ ಗಿಡ್ಡ ಇಳಿಜಾರು ಹುಡುಕಿ. ಅಡ್ಡಕ್ಕೆ 90 ಸೆಂ.ಮೀ., ಒಳಕ್ಕೆ 30 ಸೆಂ.ಮೀ. ಅಳತೆಯ ಹಿಮದ ಕಂಬವನ್ನು ಗಂಟು ಹಾಕಿದ ಹುರಿಯಿಂದ ಹಿಂದೆಯೂ ಕೊಯ್ದು ಬಿಡಿಸಿ. ಒಂದು ತುದಿಯಲ್ಲಿ ಸಲಿಕೆ ಬೋರಲಿಟ್ಟು ಮಣಿಕಟ್ಟಿನಿಂದ 10 ಏಟು, ಮೊಣಕೈಯಿಂದ 10, ಭುಜದಿಂದ 10. ಸಲಿಕೆಯಡಿ ಸೀಳಿದ ಬಿರುಕು ಅದೇ ಏಟಿಗೋ ಮರು ಏಟಿಗೋ ಇನ್ನೊಂದು ತುದಿಯವರೆಗೆ ಓಡಿದರೆ ಹಿಂತಿರುಗಿ. ಓಡದಿದ್ದರೆ? ಖುಷಿಪಡಬೇಡಿ. ಸಕ್ಕರೆ ಪದರ ಮೀಟರಿಗಿಂತ ಆಳದಲ್ಲಿದ್ದರೆ ಏಟು ಅಲ್ಲಿಗೆ ಮುಟ್ಟುವುದೇ ಅನುಮಾನ. ಹಲಗೆ ಒಡೆಯುವುದು ಹೆಚ್ಚಾಗಿ ಬಂಡೆಗಳ ಸುತ್ತ, ಹಿಮ ತೆಳುವಾದಲ್ಲಿ. ನೀವು ಅಗೆದದ್ದು ದಪ್ಪಗಿದ್ದಲ್ಲಿ.

ಪರೀಕ್ಷೆಗಿಂತ ನಂಬಬಹುದಾದದ್ದು ಕೋನಮಾಪಕ. ಹಲಗೆಗಳು ಕಳಚುವುದು ಬಹುಪಾಲು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಕಾಲಡಿ 'ಧುಪ್' ಎಂದು ಹಿಮ ಕುಸಿದರೆ 30ಕ್ಕಿಂತ ಕಡಿಮೆ ಇರುವಲ್ಲೇ ಉಳಿಯಿರಿ, ತಲೆಯ ಮೇಲೂ ಕಡಿದಾದದ್ದು ಇರಬಾರದು. ರಕ್ಷಣಾ ಸಂಶೋಧನೆಯ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ, ಆದರೆ ಜಿಲ್ಲೆಗೆ. ನಿಮ್ಮ ಮುಂದಿನ ಕೊರಕಲಿಗಲ್ಲ.

ಸಿಯಾಚಿನ್‌ನಲ್ಲಿ 2016ರಲ್ಲಿ ಹಿಮದಡಿ ಹೂತಿದ್ದ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತ ಸಿಕ್ಕಿದ್ದು ನಮಗೆಲ್ಲ ನೆನಪಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೂತವರಿಗೆ ಇರುವುದು ಹತ್ತು–ಹದಿನೈದು ನಿಮಿಷ. ಆದ್ದರಿಂದ ಹುಡುಕುವವರು ಜೊತೆಗಾರರೇ. ಸಂಕೇತ ಕಳಿಸುವ, ಹಿಡಿಯುವ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ ಎಲ್ಲರ ಮೈಮೇಲಿರಲಿ, ಮೊಬೈಲ್ ಅದರಿಂದ ಕನಿಷ್ಠ 20 ಸೆಂ.ಮೀ. ದೂರ, ಹುಡುಕುವಾಗ 50. ಸಂಕೇತ ಅತಿ ಬಲವಾದಲ್ಲಿಂದ ಸುರುಳಿಯಾಗಿ, 25 ಸೆಂ.ಮೀ.ಗೊಮ್ಮೆ, ಇಳಿಜಾರಿಗೆ ಲಂಬವಾಗಿ ಪ್ರೋಬ್ (ಹುಡುಕುವ ಉದ್ದನೆಯ ಕೋಲು) ಚುಚ್ಚಿ. ಮೈಗೆ ತಾಗಿದರೆ ಪ್ರೋಬ್ ಕೀಳದೆ, ಆಳದ ಒಂದೂವರೆ ಪಟ್ಟು ಕೆಳಗೆ ಸರಿದು ಅಡ್ಡಕ್ಕೆ ಅಗೆಯುತ್ತ ಬನ್ನಿ. ನೆತ್ತಿಯ ಮೇಲೆ ನಿಂತು ಅಗೆದರೆ, ಒಳಗಿರುವವರ ಮೂಗಿನ ಮುಂದೆ ಉಳಿದಿರುವ ಅಂಗೈಯಗಲದ ಗಾಳಿಯೂ ನಿಮ್ಮ ಭಾರಕ್ಕೆ ಮುಚ್ಚಿಹೋಗುತ್ತದೆ.